ನಿಂತ ಕಾರಿಗೂ ಆರೈಕೆ ಬೇಕು



ಕಳೆದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುನ್ನ ಮನೆಯ ಮಾಡು, ಹಂಚು, ನೀರು ಹರಿಯುವ ಕಣಿ ಇವುಗಳ ಬಗ್ಗೆ ಬರೆದಿದ್ದೆವು. ಈ ಸಲ ಅದೇ ಮನೆಯಂಗಳದಲ್ಲಿ ಸುಮ್ಮನೆ ನಿಂತಿರುವ ಇನ್ನೊಂದು ವಸ್ತುವಿನ ಬಗ್ಗೆ ಬರೆಯಬೇಕೆನಿಸಿತು. ಅದು ನಮ್ಮ ಕಾರು.

ನಮ್ಮ ಕಾಸರಗೋಡಿನ ಕಡೆ ಈಗ ಕಾರು ಅಪರೂಪವೇನಲ್ಲ. ಆದರೆ ಎಷ್ಟೋ ಮನೆಗಳ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮಗ ದುಬೈಯಲ್ಲೋ ಕುವೈತಿನಲ್ಲೋ ಇರುತ್ತಾನೆ. ರಜೆಯಲ್ಲಿ ಬಂದಾಗ ಕೊಂಡ ಕಾರು ತಂದೆತಾಯಿಯ ಉಪಯೋಗಕ್ಕೆಂದು ಊರಿನಲ್ಲಿ ಉಳಿಯುತ್ತದೆ. ಭಾನುವಾರ ಇಗರ್ಜಿಗೆ, ತಿಂಗಳಿಗೊಮ್ಮೆ ಪೇಟೆಗೆ, ಮತ್ತೆ ಯಾವುದಾದರೂ ಮದುವೆಗೆ. ಅಷ್ಟೇ. "ನಮ್ಮ ಕಾರು ಓಡಿದ್ದೇ ಕಡಿಮೆ, ಅದಕ್ಕೇನು ಖರ್ಚಿಲ್ಲ" ಎಂದು ನಾವೂ ಹೆಮ್ಮೆಯಿಂದ ಹೇಳುತ್ತಿದ್ದೆವು, ಎರಡು ವರ್ಷದ ಹಿಂದಿನ ಜುಲೈ ತಿಂಗಳ ಒಂದು ರಾತ್ರಿಯ ತನಕ.

ಅಂದು ರಾತ್ರಿ ಒಂದೂವರೆ ಗಂಟೆಗೆ ಅಮ್ಮನಿಗೆ ಉಸಿರಾಟದ ತೊಂದರೆ ಶುರುವಾಯಿತು. ಹೊರಗೆ ಧಾರಾಕಾರ ಮಳೆ. ಅವರನ್ನು ಹೇಗೋ ನಡೆಸಿ ತಂದು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆವು. 'ಟಕ್ ಟಕ್' ಎಂದು ಎರಡು ಸಲ ಸದ್ದಾಯಿತು, ಮತ್ತೆ ಅದೂ ಇಲ್ಲ. ನಮ್ಮದು ಆಟೋಮ್ಯಾಟಿಕ್ ಗೇರಿನ ಕಾರು, ದೂಡಿ ಸ್ಟಾರ್ಟ್ ಮಾಡುವ ಹಾಗೂ ಇಲ್ಲ. ನೆರೆಮನೆಯ ಹುಡುಗನಿಗೆ ಫೋನ್ ಮಾಡಿ, ಅವನು ಎದ್ದು, ಆಟೋ ತಂದು, ಅಮ್ಮನನ್ನು ಮತ್ತೆ ಇಳಿಸಿ ಹತ್ತಿಸಿ ಹೊರಡುವಾಗ ಮುಕ್ಕಾಲು ಗಂಟೆ ಕಳೆದಿತ್ತು. ದೇವರ ದಯೆಯಿಂದ ಅಮ್ಮ ಗುಣವಾಗಿ ಬಂದರು. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಕಾರಿನ ಹಿಂದಿನ ಸೀಟಿನಿಂದ ಕೇಳಿಬರುತ್ತಿದ್ದ ಅವರ ಏದುಸಿರನ್ನು ಮರೆಯಲು ನಮಗೆ ಇಂದಿಗೂ ಆಗಿಲ್ಲ.

ಮರುದಿನ ಬಂದ ಮೆಕ್ಯಾನಿಕ್ ಬ್ಯಾಟರಿ ನೋಡಿ ಹೇಳಿದ್ದು ಒಂದೇ ಮಾತು: "ಪೊರ್ಬುಗಳೇ, ಇದು ಹದಿನೈದು ದಿನದಿಂದ ನಿಮ್ಮ ಹತ್ತಿರ ಹೇಳುತ್ತಾ ಇದ್ದಿರಬೇಕು. ನೀವು ಕೇಳಲಿಲ್ಲ." ನಿಜ. ಎರಡು ಭಾನುವಾರದಿಂದ ಸ್ಟಾರ್ಟ್ ಆಗುವಾಗ ಎಂಜಿನ್ ನಿಧಾನವಾಗಿ ಎಳೆದು ಎಳೆದು ತಿರುಗುತ್ತಿತ್ತು. ಆ ಹೊತ್ತಿಗೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತಿದ್ದವು. 'ಮಳೆಗೆ ಹಾಗೇ' ಎಂದುಕೊಂಡು ಬಿಟ್ಟಿದ್ದೆವು. ಓಡದ ಕಾರು ಕೆಡುವುದಿಲ್ಲ ಎಂಬ ನಮ್ಮ ನಂಬಿಕೆಯೇ ತಪ್ಪು ಎಂದು ಆ ದಿನ ಅರ್ಥವಾಯಿತು. ಓಡುವ ಕಾರು ಸವೆಯುತ್ತದೆ, ನಿಂತ ಕಾರು ಕೊಳೆಯುತ್ತದೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಆ ಮೇಲೆ ನಾವು ಕಲಿತದ್ದನ್ನು, ಈಗಲೂ ಪ್ರತಿ ಶನಿವಾರ ಸಂಜೆ ಪಾಲಿಸುತ್ತಿರುವುದನ್ನು ಇಲ್ಲಿ ನಿಮ್ಮ ಮುಂದಿಡುತ್ತೇವೆ.

ಬ್ಯಾಟರಿ

ಕಾರು ನಿಂತಿದ್ದರೂ ಬ್ಯಾಟರಿ ಸುಮ್ಮನಿರುವುದಿಲ್ಲ. ಗಡಿಯಾರ, ಬಾಗಿಲಿನ ಲಾಕ್, ಕಳ್ಳರ ಅಲಾರಂ ಇವಕ್ಕೆಲ್ಲ ಅದು ಹನಿ ಹನಿಯಾಗಿ ಕರೆಂಟ್ ಕೊಡುತ್ತಲೇ ಇರುತ್ತದೆ. ಒಂದು ಸಲ ಸ್ಟಾರ್ಟ್ ಮಾಡಲು ಬೇಕಾಗುವ ಶಕ್ತಿಯಂತೂ ದೊಡ್ಡದು. ಮೂರು ಕಿಲೋಮೀಟರ್ ದೂರದ ಇಗರ್ಜಿಗೆ ಹೋಗಿ ಬಂದರೆ ಆ ಖರ್ಚೂ ಸರಿಯಾಗಿ ತುಂಬಿ ಬರುವುದಿಲ್ಲ. ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವುದರಿಂದಲೂ ಪ್ರಯೋಜನವಿಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು.

ಸಾಮಾನ್ಯವಾಗಿ ಕಾರಿನ ಬ್ಯಾಟರಿ ಬಾಳುವುದು 3ರಿಂದ 5 ವರ್ಷ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ಅದು ಪೂರ್ತಿ ತುಂಬಿದೆ ಎಂದರ್ಥ. 12.2ರ ಸುಮಾರಿಗಿದ್ದರೆ ಅರ್ಧ ಖಾಲಿ. ಯಾವ ಆಟೋ ಇಲೆಕ್ಟ್ರಿಶಿಯನ್ ಬಳಿಯೂ ಎರಡು ನಿಮಿಷದಲ್ಲಿ ಇದನ್ನು ನೋಡಿಸಬಹುದು. ತುದಿಗಳಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಎಂಜಿನ್ ಆಫ್ ಮಾಡಿ, ಮೊದಲು ಮೈನಸ್ ತಂತಿ, ಮತ್ತೆ ಪ್ಲಸ್ ತಂತಿ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ ಒರೆಸಿ, ತೆಳುವಾಗಿ ವ್ಯಾಸಲೀನ್ ಹಚ್ಚಿ. ಜೋಡಿಸುವಾಗ ಮೈನಸ್ ಕೊನೆಗೆ. ಇಲೆಕ್ಟ್ರಿಕ್ ಕಾರು ಕೊಂಡವರೂ ತಮಗಿದು ಬೇಡವೆಂದು ತಿಳಿಯಬಾರದು. ಅವುಗಳಲ್ಲಿಯೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಕಾರು ಏಳುವುದಿಲ್ಲ.

ಒಂದು ಜೊತೆ ಜಂಪರ್ ಕೇಬಲ್ ಡಿಕ್ಕಿಯಲ್ಲಿರಲಿ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜೋಡಿಸುವ ಕ್ರಮ ಹೀಗೆ: ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ ಭಾಗದ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ಸ್ವಲ್ಪ ದೂರದಲ್ಲಿ. ಆ ರಾತ್ರಿ ನೆರೆಮನೆಯಲ್ಲಿ ಕಾರು ಇತ್ತು. ನಮ್ಮಲ್ಲಿ ಇನ್ನೂರಿನ್ನೂರೈವತ್ತು ಹೆಜ್ಜೆ ದೂರದ ಆ ಕಾರನ್ನು ಬಳಸಿಕೊಳ್ಳುವ ಕೇಬಲೂ ಇರಲಿಲ್ಲ, ತಿಳುವಳಿಕೆಯೂ ಇರಲಿಲ್ಲ.

ಟಯರು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒದ್ದೆ ರಸ್ತೆಯಲ್ಲಿ ನಮ್ಮನ್ನು ಹಿಡಿದಿಡುವುದು ಟಯರಿನ ಗೀರುಗಳು. ಅವು ಅಡಿಯಲ್ಲಿರುವ ನೀರನ್ನು ಬದಿಗೆ ತಳ್ಳಿ ರಬ್ಬರನ್ನು ರಸ್ತೆಗೆ ಅಂಟಿಸುತ್ತವೆ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಟಯರು ಕಾನೂನಿನ ಪ್ರಕಾರವೂ ಓಡಿಸಲು ಯೋಗ್ಯವಲ್ಲ. ಇದನ್ನು ಅಳೆಯಲು ಉಪಕರಣ ಬೇಡ. ಗೀರಿನೊಳಗೆ ಅಲ್ಲಲ್ಲಿ ಅಡ್ಡವಾಗಿ ಸಣ್ಣ ರಬ್ಬರಿನ ದಿಣ್ಣೆಗಳಿರುತ್ತವೆ. ಟಯರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸುವ ಕಾಲ ಬಂತು. ಮಳೆನಾಡಿನವರಾದ ನಾವು ಅಷ್ಟು ಕಾಯದಿರುವುದೇ ಒಳ್ಳೆಯದು.

ಆದರೆ ನಿಂತ ಕಾರಿನ ಟಯರು ಸವೆಯದೆಯೇ ಮುದಿಯಾಗುತ್ತದೆ. ಗೀರು ಹೊಸದರಂತಿದ್ದರೂ ಬದಿಯಲ್ಲಿ ಸಣ್ಣ ಬಿರುಕುಗಳು ಮೂಡಿರುತ್ತವೆ. ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳನ್ನು ಹುಡುಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಐದು ವರ್ಷ ದಾಟಿದ ಟಯರನ್ನು ಪ್ರತಿ ವರ್ಷ ತಿಳಿದವರಿಂದ ಪರೀಕ್ಷಿಸಿ.

ಗಾಳಿಯೂ ತಿಂಗಳಿಗೆ ಒಂದೆರಡು ಪಿಎಸ್‌ಐಯಷ್ಟು ತಾನಾಗಿಯೇ ಇಳಿಯುತ್ತದೆ. ಎಷ್ಟು ಗಾಳಿ ಬೇಕೆಂಬುದು ಡ್ರೈವರ್ ಬದಿಯ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಟಯರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು. ಟಯರು ತಣ್ಣಗಿರುವಾಗಲೇ ನೋಡಿಸಿ. ಸ್ಪೇರ್ ಟಯರನ್ನು ಮರೆಯಬೇಡಿ. ನಮ್ಮದರಲ್ಲಿ ಮೂರು ವರ್ಷ ಯಾರೂ ಗಾಳಿ ನೋಡಿರಲಿಲ್ಲ.

ಬ್ರೇಕು

ಮಳೆಗಾಲದಲ್ಲಿ ಎರಡು ದಿನ ನಿಂತ ಕಾರಿನ ಬ್ರೇಕ್ ಡಿಸ್ಕಿನ ಮೇಲೆ ತುಕ್ಕು ಹಿಡಿದು, ಹೊರಡುವಾಗ 'ಕರಕರ' ಎನ್ನುವುದು ಸಹಜ. ಕೆಲವು ಸಲ ಬ್ರೇಕ್ ಒತ್ತಿದ ಕೂಡಲೇ ಅದು ಹೋಗುತ್ತದೆ. ಹೋಗದಿದ್ದರೆ ತೋರಿಸಬೇಕು. ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಹಿಂದಿನ ಬ್ರೇಕ್ ಅಂಟಿಕೊಳ್ಳುತ್ತದೆ. ಸಮತಟ್ಟಾದ ಅಂಗಳವಾದರೆ ಮೊದಲ ಗೇರಿನಲ್ಲಿ, ಆಟೋಮ್ಯಾಟಿಕ್ ಆದರೆ 'ಪಿ'ಯಲ್ಲಿ ನಿಲ್ಲಿಸಿ, ಚಕ್ರದ ಎರಡೂ ಕಡೆ ಕಲ್ಲು ಅಡ್ಡ ಇಟ್ಟು ಹ್ಯಾಂಡ್ ಬ್ರೇಕ್ ಬಿಡಬಹುದು. ಇಳಿಜಾರಿನಲ್ಲಿ ಇದು ಬೇಡ.

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಪಸೆ ಹೀರಿಕೊಳ್ಳುವ ದ್ರವ. ಪಸೆ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಡಾಟ್ 4 ಎಂಬ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ಪಸೆ ಹೀರಿದ ಮೇಲೆ ಈ ಮಿತಿ 155 ಡಿಗ್ರಿಯ ತನಕ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಆಯಿಲ್ ಕುದಿದರೆ ಪೆಡಲ್ ಕಾಲಿನಡಿ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಎಂಜಿನ್ ಆಯಿಲ್ ಕೂಡ ಹಾಗೆಯೇ. ಕೈಪಿಡಿಯಲ್ಲಿ '10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಎಂದಿದ್ದರೆ, ನಮ್ಮಂಥವರಿಗೆ ಮೊದಲು ಬರುವುದು ವರ್ಷವೇ.

ಒಂದು ಲೆಕ್ಕ ಮನೆಯ ಯುವಕರಿಗೆ ಹೇಳಿಕೊಡಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು.

ಇಲಿ, ಎಲೆ ಮತ್ತು ತೇವ

ನಿಂತ ಕಾರು ಇಲಿಗಳಿಗೆ ಬೆಚ್ಚನೆಯ ಮನೆ. ಅವು ಬಾನೆಟಿನೊಳಗೆ ಸೇರಿ ವಯರು ಕಡಿದರೆ ರಿಪೇರಿ ಸಾವಿರಗಟ್ಟಲೆ. ನಾಯಿಯ ತಿಂಡಿ, ಅಕ್ಕಿ ಚೀಲ, ಕೋಳಿ ಆಹಾರ ಇವನ್ನು ಕಾರು ನಿಲ್ಲುವ ಜಾಗದಲ್ಲಿ ಇಡಬೇಡಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಹುಲ್ಲು, ಚಿಂದಿ, ಹಿಕ್ಕೆ ಕಂಡರೆ ತಡಮಾಡಬೇಡಿ.

ಹಲಸಿನ ಮರದಡಿ ನಿಲ್ಲುವ ಕಾರಿನಲ್ಲಿ, ಮುಂದಿನ ಗಾಜಿನ ಬುಡದ ಜಾಲರಿಗೆ ಎಲೆ ಸೇರಿ ನೀರು ಹೋಗುವ ತೂತು ಕಟ್ಟುತ್ತದೆ. ಆ ನೀರು ಮತ್ತೆ ಕಾರಿನೊಳಗೇ ಇಳಿಯುತ್ತದೆ. ತೆಂಗಿನ ಮರದಡಿ ನಿಲ್ಲಿಸುವವರಿಗೆ ನಾವು ಹೇಳುವುದೇನೂ ಇಲ್ಲ, ಒಂದು ದಿನ ತೆಂಗಿನಕಾಯಿಯೇ ಹೇಳುತ್ತದೆ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದಿಡಿ, ಸೀಟಿಗೆ ಬೂಷ್ಟು ಬಾರದು. ಸಮುದ್ರದ ಹತ್ತಿರದವರು ಉಪ್ಪು ಗಾಳಿಯ ಕಾರಣ ಕಾರಿನ ಅಡಿಭಾಗವನ್ನೂ ತೊಳೆಯಿಸಬೇಕು.

ಪೆಟ್ರೋಲ್ ಟ್ಯಾಂಕನ್ನು ತೀರಾ ಖಾಲಿ ಬಿಡಬೇಡಿ. 2025ರಲ್ಲಿ ನಮ್ಮ ದೇಶ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಎಥನಾಲ್ ತೇವವನ್ನು ಹೀರುತ್ತದೆ. ಅರ್ಧ ಟ್ಯಾಂಕಾದರೂ ಇದ್ದರೆ ತೇವಕ್ಕೆ ಜಾಗ ಕಡಿಮೆ, ರಾತ್ರಿ ಹೊರಡಬೇಕಾದಾಗ ಪಂಪು ಹುಡುಕುವ ಕಷ್ಟವೂ ಇಲ್ಲ. ಇನ್ನೊಂದು ಎಚ್ಚರಿಕೆ: ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡಲೇಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ.

ತೋಡು ಉಕ್ಕಿ ರಸ್ತೆಗೆ ಬಂದಾಗ

ನೀರು ಚಕ್ರದ ಅರ್ಧಕ್ಕಿಂತ ಮೇಲಿದ್ದರೆ, ಅಥವಾ ಆಳ ಗೊತ್ತಿಲ್ಲದಿದ್ದರೆ, ಇಳಿಯಬೇಡಿ. ಹರಿಯುವ ನೀರಿಗಂತೂ ಬೇಡವೇ ಬೇಡ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಒಳಗೆ ಸೇರಿದ ನೀರನ್ನು ಎಂಜಿನ್ ಒತ್ತಲಾರದು, ಒಳಗಿನ ರಾಡುಗಳೇ ಬಾಗುತ್ತವೆ. ಇಂಥ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ಪ್ರತ್ಯೇಕವಾಗಿ ಇರುತ್ತದೆ. ಈ ಸಲ ವಿಮೆ ನವೀಕರಿಸುವಾಗ ಕೇಳಿ ನೋಡಿ. ನೀರು ದಾಟಿ ಬಂದ ಮೇಲೆ ನಿಧಾನವಾಗಿ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಶನಿವಾರದ ಹತ್ತು ನಿಮಿಷ

ಇಷ್ಟೆಲ್ಲ ಓದಿ ಗಾಬರಿಯಾಗಬೇಡಿ. ವಾರಕ್ಕೆ ಬೇಕಾದದ್ದು ಹತ್ತು ನಿಮಿಷ. ನಮ್ಮ ಮನೆಯಲ್ಲಿ ಶನಿವಾರ ಸಂಜೆ ನಡೆಯುವುದು ಇಷ್ಟು: ಕಾರಿನ ಸುತ್ತ ಒಂದು ಸುತ್ತು ಬಂದು ನಾಲ್ಕೂ ಟಯರು ನೋಡುವುದು. ನೆಲದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ಬಗ್ಗುವುದು. ಬಾನೆಟ್ ಎತ್ತಿ ಎಂಜಿನ್ ಆಯಿಲಿನ ಕಡ್ಡಿ ಒರೆಸಿ ಅದ್ದಿ ನೋಡುವುದು. ಕೂಲಂಟ್, ಬ್ರೇಕ್ ಆಯಿಲ್ ಎರಡು ಗೆರೆಗಳ ನಡುವೆ ಇವೆಯೇ ಎಂದು ಹೊರಗಿನಿಂದಲೇ ನೋಡುವುದು. ಬಿಸಿ ಎಂಜಿನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ವೈಪರ್ ಒರೆಸಿ, ದೀಪಗಳನ್ನೆಲ್ಲ ಹೊತ್ತಿಸಿ ನೋಡುವುದು. ಹಿಂದಿನ ಬ್ರೇಕ್ ದೀಪ ನೋಡಲು ಇನ್ನೊಬ್ಬರು ಬೇಕು, ಆ ಕೆಲಸ ನಮ್ಮ ಕಿರಿಯ ಮಗಳದ್ದು. ಮತ್ತೆ ಕಾರು ತೆಗೆದು, ಏಸಿಯನ್ನೂ ಹತ್ತು ನಿಮಿಷ ಹಾಕಿ, ಅರ್ಧ ಗಂಟೆ ತಿರುಗಾಡಿ ಬರುವುದು.

ಈ ತಿರುಗಾಟಕ್ಕೆ ಈಗ ಅಮ್ಮನೇ ಮೊದಲು ತಯಾರಾಗುತ್ತಾರೆ. ಕುಂಬಳೆಯ ಕಡೆ ಹೋಗಿ, ಸಮುದ್ರ ನೋಡಿ, ಒಂದು ಚಹಾ ಕುಡಿದು ಬರುತ್ತೇವೆ. ಮೊನ್ನೆ ಅವರು ಹಿಂದಿನ ಸೀಟಿನಲ್ಲಿ ಕೂತು, "ಕಾರಿಗೆ ಆರೈಕೆ ಅಂತ ನನ್ನನ್ನು ತಿರುಗಾಡಿಸ್ತೀರಾ, ನನಗೆ ಅಂತ ಕಾರನ್ನು ತಿರುಗಾಡಿಸ್ತೀರಾ?" ಎಂದು ಕೇಳಿದರು. ಎರಡೂ ಒಂದೇ ಎಂದೆವು.

ಓದುಗರೇ, ನಿಮ್ಮ ಅಂಗಳದ ಕಾರಿನ ಬ್ಯಾಟರಿಗೆ ಎಷ್ಟು ವರ್ಷವಾಯಿತು? ಉತ್ತರ ಗೊತ್ತಿಲ್ಲದಿದ್ದರೆ, ಈ ಪುಟ ಮಡಚಿಟ್ಟು ಇವತ್ತೇ ಒಮ್ಮೆ ಬಾನೆಟ್ ಎತ್ತಿ ನೋಡಿ.