ಚಹಾಕ್ಕ ಕರಿಯೂಕಿಂತ ಮೊದಲ ಅಡ್ಡಹೆಸರ

ಗೆಳೆಯರೆ, ಇವತ್ತು ಡೇಟಿಂಗ್ ಆ್ಯಪ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ, ಪೂರ್ತಿ ಓದ್ರಿ. ಆಕಿ ಓದಿ ಒಪ್ಪಿದ ಮ್ಯಾಲೇ ಇದನ್ನ ಹಾಕೀನಿ.

ರಬಕವಿ-ಬನಹಟ್ಟಿ ಕಡೆಯ ಒಬ್ಬಾಕಿ ಜೊತೆ ಮ್ಯಾಚ್ ಆಗಿ ಮೂರು ವಾರ ಮಾತಾಡಿದೆ. ಮಗ್ಗದ ಸಪ್ಪಳ, ಕಬ್ಬಿನ ಬಾಕಿ ಬಿಲ್ಲು, ಹಳೇ ಸಿನಿಮಾ ಹಾಡು, ಎಲ್ಲಾ ಆತು. ಒಂದಿನ "ಭಾನುವಾರ ಒಂದ್ ಕಪ್ ಚಹಾ ಕುಡಿಯೂಣೇನ್ರಿ?" ಅಂತ ಟೈಪ್ ಮಾಡಿದೆ. ಕಳಿಸಾಕ ನಾಲ್ಕು ದಿನ ಹಿಡೀತು.

ಯಾಕಂದ್ರ ಆ್ಯಪಿನ್ಯಾಗ ನನ್ನ ಹೆಸರಷ್ಟ ಇತ್ತು, ಅಡ್ಡಹೆಸರ ಇರಲಿಲ್ಲ. ನಮ್ಮ ಕಡೆ ಅಡ್ಡಹೆಸರ ಅಂದ್ರ ಅರ್ಧ ಜಾತಿ ಪ್ರಮಾಣಪತ್ರ. ಚಹಾ ಕುಡಿದ ಮ್ಯಾಲೆ ಹೇಳಿದ್ರ "ಮೊದ್ಲ ಯಾಕ ಹೇಳಲಿಲ್ಲ" ಅಂತಾರ. ಮೊದ್ಲ ಹೇಳಿದ್ರ ಬ್ಲಾಕ್ ಮಾಡ್ತಾರ. ನನಗ ಎರಡೂ ಅನುಭವ ಆಗ್ಯಾವ.

ನಮ್ಮಜ್ಜ ಚಹಾದಂಗಡಿ ಹೊರಗ ನಿಂತು, ತನಗಂತ ಬ್ಯಾರೆ ಇಟ್ಟಿದ್ದ ಕಪ್ಪಿನ್ಯಾಗ ಕುಡದು, ತಾನ ತೊಳದಿಟ್ಟು ಬರ್ತಿದ್ದ. ಮೊಮ್ಮಗ ಈಗ ಒಬ್ಬಾಕಿನ್ನ ಒಂದ ಟೇಬಲ್ಲಿಗೆ ಚಹಾಕ್ಕ ಕರೀತಾನ. ದೊಡ್ಡ ಬದಲಾವಣೆ, ಖರೆ. ಆದರೆ ಸಹಭೋಜನದಿಂದ ಜಾತಿ ಸಾಯೋದಿಲ್ಲ, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿದ್ದಾರೆ. ಕಲ್ಯಾಣದಾಗ ಹರಳಯ್ಯ, ಮಧುವರಸರ ಮಕ್ಕಳ ಮದುವಿಗೆ ಏನಾತು ಅನ್ನೂದನ್ನ ಕೂಡಲಸಂಗಮ ಇರೂ ಜಿಲ್ಲಾದವರಿಗೆ ನಾ ಹೇಳಬೇಕಿಲ್ಲ.

ಕೊನೆಗೆ ಅಡ್ಡಹೆಸರ ಬರದು, ಅದರ ಕೆಳಗ ಚಹಾದ ಮಾತು ಬರದು ಕಳಿಸಿದೆ. ಎರಡು ತಾಸಿನ ಮ್ಯಾಲೆ ಉತ್ತರ ಬಂತು: "ಬರ್ತೀನ್ರಿ. ಆದ್ರ ಜಮಖಂಡಿ ಬ್ಯಾಡ, ಬಾಗಲಕೋಟಿಗೆ ಹೋಗೂಣು."

ಮೊದಲು ಸಿಟ್ಟು ಬಂತು. ನನ್ನ ಜೊತೆ ಕುಂದ್ರಾಕ ನಾಚಿಕಿ ಏನು? ಆಮ್ಯಾಲೆ ತಕ್ಕೋಡ ನೆನಪಾತು. 2022ರ ಡಿಸೆಂಬರ್‌ನ್ಯಾಗ ನಮ್ಮ ತಾಲ್ಲೂಕಿನ ಆ ಊರಾಗ, ಬ್ಯಾರೆ ಜಾತಿ ಹುಡುಗೀನ್ನ ಮದುವಿಯಾದವನ ಕೊಲೆ ಆತು. ಆರೋಪ ಬಂದದ್ದು ಹುಡುಗಿ ತಂದಿ ಮ್ಯಾಲೆ. ಇಬ್ಬರು ವಯಸ್ಕರು ಒಪ್ಪಿದರೆ ಮನೆತನದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಹೇಳೇತಿ. ತೀರ್ಪು ದಿಲ್ಲಿಯಾಗ ಐತಿ, ಆಕಿ ಕಾಕಾ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಿರ್ತಾನ. ಆಕಿ ಅಂಜಿದ್ದು ನನಗಲ್ಲ, ನಮ್ಮಿಬ್ಬರ ಸಲುವಾಗಿ.

ಅದಕ್ಕ ನಮ್ಮ ಹುಡುಗರಿಗೆ ಒಂದು ಮಾತು. ಅಡ್ಡಹೆಸರ ಮುಚ್ಚಿಡಬ್ಯಾಡ್ರಿ. ಅದು ತಪ್ಪೊಪ್ಪಿಗೆ ಅಲ್ಲ, ನಮ್ಮ ಹೆಸರು. ಅದನ್ನ ನೋಡಿ ಓಡೋರು ಚಹಾಕ್ಕಿಂತ ಮೊದ್ಲ ಓಡಲಿ. ಒಮ್ಮೆ ನೇರ ಕೇಳ್ರಿ, ಬ್ಯಾಡ ಅಂದ್ರ ಅಲ್ಲಿಗೇ ಬಿಡ್ರಿ. ಜಾಗ ಆಕಿನ ಆರಿಸಲಿ.

ಆದರೆ ಮೊದಲು ಹೇಳೋ ಭಾರ ಯಾವಾಗಲೂ ನಮ್ಮ ಮ್ಯಾಲೇ ಯಾಕ? ಪ್ರೊಫೈಲಿನ್ಯಾಗ "ನಾನು ಜಾತಿ ನಂಬಲ್ಲ" ಅಂತ ಬರಕೊಂಡ ಪ್ರಗತಿಪರ ಗೆಳೆಯರೆ, ಚಹಾದ ಮುಂದ ಬರ್ತೀರೋ ಇಲ್ಲೋ, ನೀವ ಮೊದಲು ಹೇಳ್ರಿ. ನಮ್ಮ ಅಕ್ಕ-ತಂಗ್ಯಾರ ಜೊತೆ ಎರಡು ವರ್ಷ ಅಡ್ಡಾಡಿ, ಮದುವಿ ಹೊತ್ತಿಗೆ "ಮನ್ಯಾಗ ಒಪ್ಪೂದಿಲ್ಲ" ಅನ್ನೋರು ನಮ್ಮ ವೇದಿಕೆಗಳ ಮ್ಯಾಲೂ ಕುಂತಾರ. ಈ ಮಾತು ಯಾರಿಗೆ ಅಂತ ಓದೋರಿಗೆ ಗೊತ್ತಾಗ್ತದ.

ಬಾಗಲಕೋಟ್ಯಾಗ ಚಹಾ ಕುಡದ್ವಿ. ರೊಕ್ಕ ಆಕಿನ ಕೊಟ್ಟಳು. ಮುಂದಿಂದು ಇನ್ನೂ ಮಾತಾಡಿಲ್ಲ. ಅದ ಚಹಾನ ಜಮಖಂಡ್ಯಾಗ ಅಂಜಿಕಿ ಇಲ್ಲದ ಕುಡಿಯೂ ದಿನ ತರೂದು ಮಾತ್ರ ನಮ್ಮಿಬ್ಬರ ಕೈಯಾಗಷ್ಟ ಇಲ್ಲ.

ಜೈ ಭೀಮ್.