ಕ್ಲಚ್ಚೋ, ಗೇರ್‌ಬಾಕ್ಸೋ?
ಮೇಲುಕೋಟೆ ಬೆಟ್ಟದ ಏರಿನಲ್ಲಿ ಎಂಜಿನ್ ಸದ್ದು ಜೋರಾದರೂ ಕಾರಿನ ವೇಗ ಏರದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಕ್ಲಚ್ ಪ್ಲೇಟ್ ಜಾರುತ್ತಿದೆ. ಪಾಂಡವಪುರದ ಕಬ್ಬಿನ ಗಾಡಿಗಳ ಹಿಂದೆ ಅರ್ಧ ಕ್ಲಚ್‌ನಲ್ಲೇ ತೆವಳುವ ಕಾರುಗಳಲ್ಲಿ ಈ ಪ್ಲೇಟ್ ಬೇಗ ಸವೆಯುತ್ತದೆ. ಗೇರ್ ಬೀಳದಿರುವುದು ಬೇರೆಯೇ ತೊಂದರೆ. ಅದಕ್ಕೆ ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಆಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಮಾತ್ರ ಬಿಗಿಯಾದರೆ, ರಿವರ್ಸ್‌ಗೆ ಹಾಕುವಾಗ ಕರಕರ ಎಂದರೆ, ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುತ್ತಿಲ್ಲ. ಕೇಬಲ್ ಸಡಿಲಗೊಂಡಿರಬಹುದು, ಕ್ಲಚ್ ಆಯಿಲ್ ಸೋರಿರಬಹುದು. ಆಫ್ ಇದ್ದಾಗಲೂ ಬಿಗಿಯಾಗಿದ್ದರೆ ದೋಷ ಗೇರ್ ಲಿಂಕೇಜ್‌ನಲ್ಲಿ, ಇಲ್ಲವೇ ಗೇರ್‌ಬಾಕ್ಸ್‌ನೊಳಗೆ. ಓಡುವಾಗ ಒಂದೇ ಗೇರ್ ಉಜ್ಜಿದರೆ ಸಾಮಾನ್ಯವಾಗಿ ಅದರ ಸಿಂಕ್ರೊನೈಸರ್ ರಿಂಗ್ ಸವೆದಿರುತ್ತದೆ. ಶ್ರೀರಂಗಪಟ್ಟಣವಿರಲಿ, ಕೆ.ಆರ್. ಪೇಟೆ, ನಾಗಮಂಗಲವಿರಲಿ, ಇಷ್ಟನ್ನು ನೋಡದೆ ಗೇರ್‌ಬಾಕ್ಸ್ ಇಳಿಸಲು ಯಾರೂ ಒಪ್ಪಬಾರದು.