ಹೆದ್ದಾರಿ ಅಗಲವಾಯಿತು, ಮಳೆ ಬದಲಾಗಿಲ್ಲ

ತಲಪಾಡಿಯಿಂದ ಚೆಂಗಳದವರೆಗಿನ ರಾಷ್ಟ್ರೀಯ ಹೆದ್ದಾರಿ 66 ಆರು ಪಥದ ರಸ್ತೆಯಾಗಿದೆ. ಸುಮಾರು 39 ಕಿಲೋಮೀಟರ್ ಉದ್ದದ ಈ ಭಾಗದಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲವೂ ಬರುತ್ತವೆ. ಹೊಂಡ ತಪ್ಪಿಸಿಕೊಂಡು, ಲಾರಿ ಹಿಂದೆ ನಿಂತು ಬೆವರುತ್ತಿದ್ದ ಕಾಲ ಹೋಯಿತು ಅಂತ ಜನ ಖುಷಿಪಟ್ಟದ್ದು ನಿಜ. ದೇರಳಕಟ್ಟೆಯ ಆಸ್ಪತ್ರೆಗೆ, ಮಂಗಳೂರಿನ ಕಾಲೇಜಿಗೆ, ಬಂದರಿನ ಅಂಗಡಿಗೆ, ಬಜ್ಪೆಯ ವಿಮಾನ ನಿಲ್ದಾಣಕ್ಕೆ ದಿನವೂ ಗಡಿ ದಾಟುವ ಬ್ಯಾರಿ ಕುಟುಂಬಗಳಿಗೆ ಈ ರಸ್ತೆ ಜೀವನಾಡಿ.

ಆದರೆ 2025ರ ಆಗಸ್ಟ್ 28ರಂದು ಇದೇ ತಲಪಾಡಿಯಲ್ಲಿ ಬಸ್ಸೊಂದು ನಿಯಂತ್ರಣ ತಪ್ಪಿ ಆಟೋ ರಿಕ್ಷಾಕ್ಕೆ ಡಿಕ್ಕಿ ಹೊಡೆದು 6 ಮಂದಿ ಪ್ರಾಣ ಕಳೆದುಕೊಂಡರು. ಬಸ್ಸಿನ ಟೈರು ಸವೆದು ಹೋಗಿತ್ತು ಎಂಬ ದೂರು ಆಗ ಊರವರಿಂದ ಜೋರಾಗಿಯೇ ಕೇಳಿಬಂತು. ಒಂದೆರಡು ವಾರ ಎಲ್ಲರ ಬಾಯಲ್ಲೂ ಅದೇ ಮಾತು. ಆಮೇಲೆ ಎಲ್ಲ ತಣ್ಣಗಾಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ರಸ್ತೆ ಒಳ್ಳೆಯದಾದ ಮೇಲೂ ಮಳೆಗಾಲದ ಭಯ ಯಾಕೆ ಕಡಿಮೆಯಾಗಿಲ್ಲ? ಉತ್ತರ ಸರಳ. ರಸ್ತೆ ಬದಲಾದ ಕೂಡಲೇ ವೇಗ ಬದಲಾಯಿತು. ಟೈರು, ಬ್ರೇಕು, ಕಣ್ಣು, ಮಳೆ ಮಾತ್ರ ಮೊದಲಿನ ಹಾಗೆಯೇ ಇವೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಅರ್ಥವಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಎದುರಿನ ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲೇ 33 ಮೀಟರ್ ದಾಟಿ ಆಯಿತು. ಒಣ ರಸ್ತೆಯಾದರೆ ಒಟ್ಟು ಸುಮಾರು 70 ಮೀಟರಿನಲ್ಲಿ ಗಾಡಿ ನಿಲ್ಲಬಹುದು. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಕಡಿಮೆ, ಹಾಗಾಗಿ 95 ಮೀಟರಿನಷ್ಟು ಬೇಕು. ರಾತ್ರಿ ಜೋರು ಮಳೆಯಲ್ಲಿ ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದು ಹೆಚ್ಚೆಂದರೆ 40-50 ಮೀಟರ್. ಅಂದರೆ ಎದುರಿಗೆ ಒಬ್ಬರು ರಸ್ತೆ ದಾಟುತ್ತಿರುವುದು ಕಾಣುವಾಗಲೇ ಗಾಡಿ ನಿಲ್ಲಿಸುವ ಅವಕಾಶ ಮುಗಿದಿರುತ್ತದೆ. ಅದೇ ಗಾಡಿ 40ರಲ್ಲಿ ಇದ್ದರೆ 33 ಮೀಟರಿನ ಸುತ್ತಮುತ್ತ ನಿಲ್ಲುತ್ತದೆ. "ಬ್ರೇಕ್ ಹಿಡಿಯಲಿಲ್ಲ ಮಾರಾಯ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಲೆಕ್ಕ. ಬ್ರೇಕು ಹಿಡಿದಿರುತ್ತದೆ, ಜಾಗ ಸಾಕಾಗಿರುವುದಿಲ್ಲ.

ಇನ್ನು ಉಳಿಯುವ ಸಮಯ ಎಷ್ಟು? 30 ಕಿಲೋಮೀಟರ್ ದಾರಿಗೆ 80ರಲ್ಲಿ ಇಪ್ಪತ್ತೆರಡೂವರೆ ನಿಮಿಷ, 50ರಲ್ಲಿ 36 ನಿಮಿಷ. ಹದಿಮೂರು ಹದಿನಾಲ್ಕು ನಿಮಿಷದ ಲಾಭಕ್ಕೆ ಇಡೀ ಮನೆಯನ್ನೇ ಅಡವಿಡುವ ವ್ಯಾಪಾರ ಇದು.

ಟೈರಿನ ವಿಷಯದಲ್ಲೂ ಹೀಗೆಯೇ. ಟೈರಿನ ಗೆರೆಗಳು ಇರುವುದು ಚಂದಕ್ಕಲ್ಲ, ಅಡಿಯ ನೀರನ್ನು ಹೊರಗೆ ತಳ್ಳಲಿಕ್ಕೆ. ಗೆರೆ ಸವೆದರೆ ನೀರು ಹೊರಗೆ ಹೋಗುವುದಿಲ್ಲ, ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಗಾಡಿ ಮಾತು ಕೇಳುವುದಿಲ್ಲ. ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗೆ ಇಳಿದರೆ ಬದಲಾಯಿಸಲೇಬೇಕು. ಗೆರೆಗಳ ಮಧ್ಯೆ ಅದಕ್ಕೆಂದೇ ಸಣ್ಣ ಉಬ್ಬು ಕೊಟ್ಟಿರುತ್ತಾರೆ. ಟೈರು ಆ ಉಬ್ಬಿಗೆ ಸಮವಾಯಿತೆಂದರೆ ಅದರ ಆಯುಷ್ಯ ಮುಗಿಯಿತು. "ಈ ಮಳೆಗಾಲ ಒಂದು ಓಡ್ಲಿ" ಅಂತ ಮುಂದೂಡುವವರು ಗಮನಿಸಬೇಕಾದ್ದು, ಟೈರು ಹೆಚ್ಚು ಬೇಕಾಗುವುದೇ ಮಳೆಗಾಲದಲ್ಲಿ.

ಹೊಸ ಹೆದ್ದಾರಿಯ ಇನ್ನೊಂದು ಮುಖ ಸರ್ವಿಸ್ ರಸ್ತೆ. ದೂರದ ಗಾಡಿಗಳು ನಡುವಿನ ಪಥದಲ್ಲಿ ಹಾರುತ್ತವೆ. ಊರಿನವರ ಸ್ಕೂಟರ್, ಆಟೋ, ಮದ್ರಸಕ್ಕೆ ಹೋಗುವ ಮಕ್ಕಳು, ಬಸ್ಸಿಗೆ ಕಾಯುವ ಹೆಂಗಸರು ಎಲ್ಲರೂ ಪಕ್ಕದ ಇಕ್ಕಟ್ಟಿನಲ್ಲಿ. ಮಳೆ ಬಂದರೆ ಅಲ್ಲಿ ನೀರು ನಿಲ್ಲುವುದು, ಕೆಲವು ಕಡೆ ಬೆಳಕಿಲ್ಲದಿರುವುದು, ಎದುರು ದಿಕ್ಕಿನಿಂದ ಬೈಕ್ ನುಗ್ಗುವುದು ಎಲ್ಲ ಮಾಮೂಲಿ. ಆರಿಕ್ಕಾಡಿಯ ಟೋಲ್ ವಿರುದ್ಧ ಪಕ್ಷ ಬೇಧವಿಲ್ಲದೆ ಜನ ಬೀದಿಗಿಳಿದರು. ಚರಂಡಿ, ದೀಪ, ಬಸ್ ತಂಗುದಾಣಕ್ಕಾಗಿ ಅಷ್ಟೇ ಗಟ್ಟಿ ಧ್ವನಿ ಎತ್ತಬೇಕಾದ ಅಗತ್ಯ ಇದೆ. ಇದು ಹೆದ್ದಾರಿ ಪ್ರಾಧಿಕಾರದ ಹೊಣೆ, ಅದರಲ್ಲಿ ರಾಜಿ ಬೇಡ.

ಹಾಗಂತ ಎಲ್ಲವನ್ನೂ ಪ್ರಾಧಿಕಾರದ ತಲೆಗೆ ಕಟ್ಟಿ ಕೈತೊಳೆಯುವ ಹಾಗಿಲ್ಲ. ಮಳೆಯಲ್ಲಿ ಸ್ಕೂಟರಿನ ಹಿಂದೆ ಕುಳಿತವರು ಕೊಡೆ ಬಿಡಿಸುವುದು ಈ ಕಡೆ ಸಾಮಾನ್ಯ ದೃಶ್ಯ. ಗಾಳಿ ಒಮ್ಮೆ ಜೋರಾಗಿ ಹೊಡೆದರೆ ಕೊಡೆಯ ಜೊತೆ ಸ್ಕೂಟರೂ ವಾಲುತ್ತದೆ. ಬುರ್ಖಾದ ಅಥವಾ ರೈನ್‌ಕೋಟಿನ ಅಂಚು ಚಕ್ರಕ್ಕೆ ಸಿಕ್ಕಿ ಬೀಳುವ ಅಪಾಯವೂ ಇದೆ. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಸೇರಿ ಜಾರುತ್ತದೆ ಎಂದು ಗೊತ್ತಿದ್ದರೂ ಓವರ್‌ಟೇಕ್ ನಿಲ್ಲುವುದಿಲ್ಲ. ಮಳೆ ಜೋರಾದರೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಈಗ ಫ್ಯಾಷನ್ ಆಗಿದೆ. ಅದರಿಂದ ಹಿಂದಿನವರಿಗೆ ಗಾಡಿ ನಿಂತಿದೆಯೋ, ತಿರುಗುತ್ತದೆಯೋ ಗೊತ್ತಾಗುವುದಿಲ್ಲ. ಆ ಲೈಟು ನಿಂತ ಗಾಡಿಗೆ ಮಾತ್ರ. ಚಾರ್ಮಾಡಿ, ಶಿರಾಡಿ ಘಾಟಿಗೆ ಮಳೆ ನೋಡಲು ಹೋಗುವ ಹುಡುಗರು ಮಂಜಿನಲ್ಲಿ ಹೈ ಬೀಮ್ ಹಾಕುತ್ತಾರೆ. ಆ ಬೆಳಕು ಮಂಜಿಗೆ ತಾಗಿ ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಡಿಮ್ ಲೈಟಿನಲ್ಲಿ, ಎಡಬದಿಯ ಬಿಳಿ ಗೆರೆ ನೋಡಿಕೊಂಡು ನಿಧಾನ ಹೋಗುವುದೇ ದಾರಿ. ಅದೂ ಕಾಣದಿದ್ದರೆ ರಸ್ತೆ ಬಿಟ್ಟು ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು.

ಗಲ್ಫಿನಿಂದ ಬಂದವರನ್ನು ಕರೆತರುವ ರಾತ್ರಿ ಪ್ರಯಾಣಗಳ ಬಗ್ಗೆಯೂ ಯೋಚಿಸಬೇಕು. ನಿದ್ದೆಗೆಟ್ಟ ಚಾಲಕ, ಗಾಡಿ ತುಂಬ ಜನ, ಮೇಲೆ ಲಗೇಜು, ಹೊರಗೆ ಮಳೆ. ಎರಡು ವರ್ಷ ಕಾದ ಮನೆಯವರಿಗೆ ಇನ್ನೊಂದು ಅರ್ಧ ಗಂಟೆ ಕಾಯುವುದು ಕಷ್ಟವಲ್ಲ.

ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಡುವ ಹೆತ್ತವರಿಗೆ ಕಾನೂನು ನೆನಪಿರಲಿ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಇದೆ. ಲೈಸನ್ಸ್ ಇಲ್ಲದವರು ಅಪಘಾತ ಮಾಡಿದರೆ ವಿಮಾ ಕಂಪೆನಿ ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ಮಾಲಕರಿಂದ ವಸೂಲಿ ಮಾಡಬಹುದು. ಒಂದು ರಾತ್ರಿಯ ಅವಸರಕ್ಕೆ ಮನೆ ಜಾಗ ಮಾರುವ ಸ್ಥಿತಿ ಬರಬಹುದು.

ಪ್ರತಿ ಅಪಘಾತದ ನಂತರ "ಅಲ್ಲಾಹನ ವಿಧಿ" ಎನ್ನುವುದು ಮನಸ್ಸಿಗೆ ಸಮಾಧಾನ ಕೊಡುತ್ತದೆ. ಆದರೆ ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿಯವರು ಹೇಳಿಕೊಟ್ಟದ್ದನ್ನು ಎಲ್ಲರೂ ಮದ್ರಸದಲ್ಲೇ ಕೇಳಿದ್ದಾರೆ. ಒಳ್ಳೆಯ ಟೈರು, ಹೆಲ್ಮೆಟ್, ಕಡಿಮೆ ವೇಗ ಇವೇ ಇವತ್ತಿನ ಹಗ್ಗ. ಜೂನ್ ಬರುವ ಮೊದಲು ಜುಮಾದಲ್ಲಿ ಎರಡು ಮಾತು, ಯುವಕರ ಸಂಘಟನೆಗಳಿಂದ ಒಂದು ದಿನದ ಟೈರು, ಲೈಟು ತಪಾಸಣೆ, ಪಂಚಾಯತಿಗೆ ಕತ್ತಲೆ ಜಾಗಗಳ ಪಟ್ಟಿ ಇಷ್ಟು ಮಾಡಲು ದೊಡ್ಡ ಬಜೆಟ್ ಬೇಡ. ಆಂಬುಲೆನ್ಸ್ ಕೊಡಿಸುವುದರಲ್ಲಿ ಹಿಂದೆ ಬೀಳದ ಸಮುದಾಯ, ಆಂಬುಲೆನ್ಸ್ ಬೇಕಾಗದ ಹಾಗೆ ನೋಡಿಕೊಳ್ಳುವುದರಲ್ಲೂ ಮುಂದೆ ಬರಬೇಕಿದೆ.